ಉಕ್ಕಿನ ಕಂಬಿಗೂ ಗಾಳಿಗೂ ಒಂದೇ ಜೊತೆ ಸ್ಕೀ

2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಲೋಪ್‌ಸ್ಟೈಲ್ ಸ್ಪರ್ಧೆ ನಡೆದದ್ದು ಝಾಂಗ್‌ಜಿಯಾಕೌ ಬಳಿಯ ಗೆಂಟಿಂಗ್ ಸ್ನೋ ಪಾರ್ಕ್‌ನಲ್ಲಿ. ಇಳಿಜಾರಿನ ಮೇಲ್ಭಾಗದಲ್ಲಿ ಮೂರು ಹಂತಗಳಲ್ಲಿ ಉಕ್ಕಿನ ಕಂಬಿಗಳು, ಅದರ ಕೆಳಗೆ ಹಿಮವನ್ನು ಒತ್ತಿ ಕಟ್ಟಿದ ಮೂರು ದೊಡ್ಡ ಜಂಪ್‌ಗಳು. ಸ್ಪರ್ಧಿ ಮೇಲಿನಿಂದ ಹೊರಟು ಮೊದಲು ಕಂಬಿಗಳ ಮೇಲೆ ಅಡ್ಡಡ್ಡ ಜಾರಬೇಕು. ಆಮೇಲೆ ಗಾಳಿಗೆ ಹಾರಿ, ಎರಡು ಮೂರು ಸುತ್ತು ಸುತ್ತಿ, ಕೆಲವೊಮ್ಮೆ ಹಿಮ್ಮುಖವಾಗಿಯೇ ನೆಲ ಮುಟ್ಟಬೇಕು. ಅಮೆರಿಕದ ಅಲೆಕ್ಸ್ ಹಾಲ್ ಅಂದು ಚಿನ್ನ ಗೆದ್ದರು. ಮೇಲಿನಿಂದ ಕೆಳಗಿನವರೆಗೆ ಅವರ ಕಾಲಲ್ಲಿದ್ದದ್ದು ಒಂದೇ ಜೊತೆ ಸ್ಕೀ. ಕಂಬಿ ಮುಗಿಯಿತು, ಇನ್ನು ಜಂಪ್‌ಗೆ ಬೇರೆ ಸ್ಕೀ ಹಾಕಿಕೊಳ್ಳೋಣ ಎನ್ನಲು ಅಲ್ಲಿ ಅವಕಾಶವಿಲ್ಲ.

ಕಷ್ಟ ಇರುವುದೇ ಇಲ್ಲಿ. ಕಂಬಿ ಕೇಳುವ ಸ್ಕೀ ಒಂದು ಬಗೆಯದು, ಜಂಪ್ ಕೇಳುವುದು ಇನ್ನೊಂದು ಬಗೆಯದು. ಕಂಬಿಗೆ ಮೊಂಡು ಅಂಚು ಬೇಕು, ಜಂಪ್‌ನ ಏರಿಗೆ ಹರಿತವಾದ ಅಂಚು ಬೇಕು. ಕಂಬಿಯ ಮೇಲೆ ಮೆತ್ತಗೆ ಬಾಗುವ ಸ್ಕೀ ಚೆನ್ನ, ಐವತ್ತು ಅರವತ್ತು ಅಡಿ ಹಾರಿ ಇಳಿಯುವಾಗ ಗಟ್ಟಿ ಸ್ಕೀ ಚೆನ್ನ. ಸುತ್ತಲು ಗಿಡ್ಡ ಸ್ಕೀ ಸುಲಭ, ಇಳಿದು ನಿಲ್ಲಲು ಉದ್ದದ ಸ್ಕೀ ಸುಲಭ. ಅಂಗಡಿಯವರು ಇದೇ ಎಲ್ಲದಕ್ಕೂ ಸೈ ಎಂದು ಒಂದು ಜೊತೆಯನ್ನು ತೋರಿಸಿದರೆ ನಂಬಬೇಡಿ. ಕಂಬಿ, ಜಂಪ್‌ಗಳಿರುವ ಇಂಥ ಪಾರ್ಕ್‌ಗೆಂದು ಮಾಡಿದ ಪ್ರತಿ ಪಾರ್ಕ್ ಸ್ಕೀಯೂ ಒಂದು ರಾಜಿ. ಆ ರಾಜಿಯಲ್ಲಿ ಯಾವ ಅಳತೆಗೆ ಎಷ್ಟು ಬೆಲೆ ತೆರುತ್ತೇವೆ ಎಂಬುದನ್ನು ಪಿಯುಸಿ ಭೌತವಿಜ್ಞಾನದಿಂದಲೇ ಲೆಕ್ಕ ಹಾಕಬಹುದು. ಲೆಕ್ಕ ಹಾಕಿದಾಗ ಕೆಲವು ಉತ್ತರಗಳು ನಾವು ಊಹಿಸಿದ್ದಕ್ಕಿಂತ ಬೇರೆಯೇ ಬರುತ್ತವೆ.

ಈ ಬಗೆಯ ಸ್ಕೀ ಹುಟ್ಟಿ ಸುಮಾರು ಮೂವತ್ತು ವರ್ಷವಾಯಿತು. 1990ರ ದಶಕದ ಮಧ್ಯದಲ್ಲಿ ಸ್ನೋಬೋರ್ಡ್ ಹುಡುಗರಿಗೆ ಪಾರ್ಕ್‌ಗಳಿದ್ದವು, ಹೊಸ ಹೊಸ ಕಸರತ್ತುಗಳಿದ್ದವು. ಸ್ಕೀ ಮಾಡುವವರ ಪಾಲಿಗೆ ಸಾಲು ಸಾಲು ಹಿಮದ ದಿಬ್ಬಗಳ ಮೇಲೆ ಇಳಿಯುವ, ಹಳೆಯ ನಿಯಮಗಳ ಮೊಗಲ್ ಸ್ಪರ್ಧೆಯೇ ಗತಿ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಬ್ಲ್ಯಾಕ್‌ಕೋಂಬ್ ಪರ್ವತದ ಹಿಮನದಿಯ ಮೇಲೆ ಬೇಸಿಗೆ ಶಿಬಿರಗಳಲ್ಲಿ ಕೂಡುತ್ತಿದ್ದ ಮೈಕ್ ಡಗ್ಲಸ್, ಜೆ.ಪಿ. ಒಕ್ಲೇರ್, ಜೆ.ಎಫ್. ಕುಸ್ಸಾನ್, ವಿನ್ಸೆಂಟ್ ಡೋರಿಯಾನ್ ಎಂಬ ಮೊಗಲ್ ಆಟಗಾರರಿಗೆ ಇದು ಸಾಕಾಗಿತ್ತು. ಅವರು ಸ್ಕೀ ಕಂಪನಿಗಳನ್ನು ಕೇಳಿದ ಮುಖ್ಯ ಬದಲಾವಣೆ: ಮೂತಿಯಂತೆ ಬಾಲವೂ ಮೇಲಕ್ಕೆ ಬಾಗಿರಲಿ. ಬಾಲ ಚಪ್ಪಟೆಯಾಗಿದ್ದರೆ ಹಿಮ್ಮುಖವಾಗಿ ಇಳಿದಾಗ ಅದು ನೇರ ಹಿಮಕ್ಕೆ ಚುಚ್ಚಿಕೊಳ್ಳುತ್ತದೆ. ಹಲವು ಕಂಪನಿಗಳು ಆಸಕ್ತಿ ತೋರಲಿಲ್ಲ. ಫ್ರಾನ್ಸಿನ ಸಲೋಮನ್ ಒಪ್ಪಿಕೊಂಡಿತು. 1998ರಲ್ಲಿ ಬಂದ ಅವರ ಸ್ಕೀಯ ಹೆಸರು ಟೆನ್ಎಯ್ಟಿ, ಅಂದರೆ 1080 ಡಿಗ್ರಿ, ಮೂರು ಪೂರ್ಣ ಸುತ್ತು. ಅಮೆರಿಕದಲ್ಲಿ ಜೇಸನ್ ಲೆವಿಂತಾಲ್ 1995ರಲ್ಲಿ ಶುರು ಮಾಡಿದ್ದ ಲೈನ್ ಕಂಪನಿಯೂ ಇದೇ ದಾರಿಯಲ್ಲಿತ್ತು. ಎರಡೂ ತುದಿ ಬಾಗಿದ ಈ ಟ್ವಿನ್ ಟಿಪ್ ಬಂದ ಮೇಲೆ ಹಿಂದು ಮುಂದು ಎಂಬ ಭೇದವೇ ಇಲ್ಲವಾಯಿತು. ಹೊಸ ಕ್ರೀಡೆಯೊಂದು ಹುಟ್ಟಿತು. ಅದನ್ನು ಒಲಿಂಪಿಕ್ಸ್‌ಗೆ ತರಲು ಹೋರಾಡಿದವರಲ್ಲಿ ಕೆನಡಾದ ಸಾರಾ ಬರ್ಕ್ ಮುಂಚೂಣಿಯಲ್ಲಿದ್ದರು. 2012ರ ಜನವರಿಯಲ್ಲಿ ತರಬೇತಿಯ ವೇಳೆ ಬಿದ್ದು ಅವರು ತೀರಿಕೊಂಡರು. ಎರಡು ವರ್ಷಗಳ ನಂತರ, 2014ರ ಸೋಚಿಯಲ್ಲಿ, ಅರ್ಧ ಕೊಳವೆಯಂಥ ಹಿಮದ ಹಳ್ಳದಲ್ಲಿ ಆಡುವ ಹಾಫ್‌ಪೈಪ್ ಮತ್ತು ಸ್ಲೋಪ್‌ಸ್ಟೈಲ್ ಸ್ಕೀಯಿಂಗ್ ಮೊದಲ ಬಾರಿಗೆ ಒಲಿಂಪಿಕ್ಸ್ ಪದಕಪಟ್ಟಿಗೆ ಬಂದವು.

ಒಂದು ಪಾರ್ಕ್ ಸ್ಕೀಯನ್ನು ಬೂಟು ಕೂರುವ ಜಾಗದಲ್ಲಿ ಗರಗಸದಿಂದ ಅಡ್ಡಕ್ಕೆ ಕೊಯ್ದರೆ ಒಳಗೇನಿದೆ ಎಂಬುದು ಕಾಣುತ್ತದೆ. ನಡುವೆ ಒಂದು ಸೆಂಟಿಮೀಟರಿಗೆ ಸ್ವಲ್ಪ ಮೇಲ್ಪಟ್ಟ ದಪ್ಪದ ಮರದ ತಿರುಳು. ಪಾಪ್ಲರ್, ಆಸ್ಪೆನ್, ಬೀಚ್, ಆಶ್, ಬಿದಿರು, ಹೀಗೆ ಕಂಪನಿಗೊಂದು ಮಿಶ್ರಣ. ಮರದ ಮೇಲೂ ಕೆಳಗೂ ರಾಳದಲ್ಲಿ ಅದ್ದಿದ ಗಾಜುನಾರಿನ ಪದರ. ಎರಡು ಬದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಗೋಡೆ. ತಳದಲ್ಲಿ ಅತಿ ಉದ್ದ ಅಣುಸರಪಳಿಯ ಪಾಲಿಥಿಲೀನ್ ಹಾಳೆ. ಆ ಹಾಳೆಯ ಎರಡು ಅಂಚಿಗೂ ಉದ್ದಕ್ಕೆ ಕೂರಿಸಿದ ತೆಳು ಉಕ್ಕಿನ ಪಟ್ಟಿ. ಬಾಗುವಾಗ ಎಳೆತವನ್ನೂ ಒತ್ತಡವನ್ನೂ ಹೊರುವುದು ಗಾಜುನಾರು, ಆ ಎರಡು ಪದರಗಳನ್ನು ದೂರ ಹಿಡಿದಿಡುವುದು ಮರ. ಒಂದೇ ವಸ್ತುವಿನ ಪಟ್ಟಿಯಾದರೆ ಅದರ ಬಿಗುವು ದಪ್ಪದ ಘನಕ್ಕೆ ಅನುಗುಣ. 11 ಮಿಲಿಮೀಟರಿನ ಪಟ್ಟಿಯನ್ನು 12 ಮಾಡಿದರೆ ಬಿಗುವು ಸುಮಾರು ಶೇಕಡ 30ರಷ್ಟು ಏರುತ್ತದೆ. ಪದರ ಪದರವಾದ ಸ್ಕೀಯಲ್ಲಿ ಏರಿಕೆ ಅಷ್ಟಿರದಿದ್ದರೂ ಒಂದು ಮಿಲಿಮೀಟರಿನ ಕರಾಮತ್ತು ಸಣ್ಣದಲ್ಲ. ಅಂಗಡಿಯಲ್ಲಿ ಪಕ್ಕಪಕ್ಕ ನಿಂತ ಎರಡು ಸ್ಕೀ ಕಣ್ಣಿಗೆ ಒಂದೇ ಥರ ಕಂಡರೂ ಕೈಗೆ ಬೇರೆ ಎನಿಸುವುದು ಇದರಿಂದಲೇ. ಬಾಲವನ್ನು ನೆಲಕ್ಕೆ ಊರಿ, ಮೂತಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯಿಂದ ನಡುವಿಗೆ ಒತ್ತಿ ನೋಡಿ. ಎಲ್ಲಿ ಬಾಗುತ್ತದೆ, ಎಲ್ಲಿ ಮೊಂಡು ಹಿಡಿಯುತ್ತದೆ ಎಂಬುದು ಗೊತ್ತಾಗುತ್ತದೆ.

ಈಗ ಕಂಬಿಯ ವಿಷಯ. ಹಿಮದ ಮೇಲೆ ಸ್ಕೀಯನ್ನು ಚಲಿಸುವ ದಿಕ್ಕಿಗೆ ಅಡ್ಡ ತಿರುಗಿಸಿದರೆ ಅದೇ ಬ್ರೇಕ್. ಉಕ್ಕಿನ ಅಂಚು ಹಿಮವನ್ನು ಕೊರೆದು ಹಿಡಿದುಕೊಳ್ಳುತ್ತದೆ, ಮೈ ನಿಲ್ಲುತ್ತದೆ. ಕಲಿಯುವ ಮೊದಲ ದಿನದಿಂದ ದೇಹಕ್ಕೆ ರೂಢಿಯಾಗುವ ಪಾಠ ಇದು. ಕಂಬಿಯ ಮೇಲೂ ಸ್ಕೀ ಅಡ್ಡವೇ ಇರುತ್ತದೆ, ಆದರೆ ಅಲ್ಲಿ ಕೊರೆಯಲು ಏನೂ ಇಲ್ಲ. ಪ್ಲಾಸ್ಟಿಕ್ ತಳ ನುಣುಪು ಉಕ್ಕಿನ ಮೇಲೆ ಜಾರುತ್ತದೆ, ಅಂಚು ಎಲ್ಲೂ ಕಚ್ಚುವುದಿಲ್ಲ. ಹೆದರಿದ ಮನುಷ್ಯ ರೂಢಿಯಂತೆ ಹಿಂದಕ್ಕೆ ವಾಲುತ್ತಾನೆ. ವಾಲಿದೊಡನೆ ಕಾಲು ಮುಂದಕ್ಕೆ ಓಡುತ್ತದೆ, ಬೆನ್ನು ಕಂಬಿಗೆ ಬಡಿಯುತ್ತದೆ. ಕಂಬಿಯ ಮೇಲೆ ನಿಲ್ಲುವ ದಾರಿ ಒಂದೇ: ತಳ ಚಪ್ಪಟೆಯಾಗಿರಬೇಕು, ದೇಹದ ಗುರುತ್ವಕೇಂದ್ರ ಪಾದದ ನೇರ ಮೇಲಿರಬೇಕು. ಅದಕ್ಕಾಗಿಯೇ ಕಂಬಿ ಪ್ರಿಯರು ಬೂಟಿನ ಕೆಳಗಿನ ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿಸುತ್ತಾರೆ. ಅಂಚು ಹರಿತವಾಗಿದ್ದರೆ ಕಂಬಿಯ ಬೆಸುಗೆಯ ಗಂಟಿಗೋ ಗೀರಿಗೋ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಪಾದ ಅಲ್ಲೇ ನಿಲ್ಲುತ್ತದೆ, ದೇಹ ಮುಂದಕ್ಕೆ ಹೋಗುತ್ತದೆ.

ಇಷ್ಟು ಎಚ್ಚರ ವಹಿಸಿದರೂ ಸ್ಕೀ ಸವೆಯುತ್ತದೆ. ಒಂದು ಚಳಿಗಾಲ ಕಂಬಿಯ ಮೇಲೆ ಆಡಿದ ಸ್ಕೀಯನ್ನು ಬೆಳಕಿಗೆ ಹಿಡಿದು, ಬೂಟಿನ ಕೆಳಗಿನ ಅಂಚನ್ನು ಹತ್ತಿರದಿಂದ ನೋಡಿ. ಉಕ್ಕಿನ ಪಟ್ಟಿಗೆ ಅಡ್ಡಲಾಗಿ ಕೂದಲೆಳೆಯಂಥ ಸೀಳುಗಳಿರುತ್ತವೆ. ಉಕ್ಕಿಗೆ ಉಕ್ಕು ಬಡಿದಾಗ ತಾಕುವ ಜಾಗ ಬಲು ಸಣ್ಣದು. ಇಡೀ ಮನುಷ್ಯನ ಭಾರ, ಹಾರಿ ಬಂದ ವೇಗದ ಸಮೇತ, ಕೆಲವೇ ಚದರ ಮಿಲಿಮೀಟರಿನ ಮೇಲೆ ಬೀಳುತ್ತದೆ. ಸೀಳು ಬಿಟ್ಟ ಜಾಗದಲ್ಲಿ ನೀರು ಒಳಗಿಳಿಯುತ್ತದೆ. ರಾತ್ರಿ ಅದು ಹೆಪ್ಪುಗಟ್ಟಿದಾಗ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಅಂಟು ಬಿಡುತ್ತದೆ, ಮರ ನೆನೆಯುತ್ತದೆ. ಕೊನೆಗೊಂದು ದಿನ ಅಂಚಿನ ತುಂಡೇ ಹೊರಗೆ ಬರುತ್ತದೆ. ಸಾಮಾನ್ಯ ಸ್ಕೀಯ ಅಂಚು ಎರಡು ಮಿಲಿಮೀಟರಿನ ಆಸುಪಾಸು ದಪ್ಪ. ಒಳ್ಳೆಯ ಪಾರ್ಕ್ ಸ್ಕೀಯಲ್ಲಿ ಅದನ್ನು 2.5 ಮಿಲಿಮೀಟರಿಗೆ ಏರಿಸಿರುತ್ತಾರೆ. ಅರ್ಧ ಮಿಲಿಮೀಟರ್ ಎಂದು ಕಡೆಗಣಿಸಬೇಡಿ. 2×2 ಪಟ್ಟಿಯ ಅಡ್ಡಕೊಯ್ತದ ವಿಸ್ತೀರ್ಣ 4 ಚದರ ಮಿಲಿಮೀಟರ್, 2.5×2.5 ಪಟ್ಟಿಯದು 6.25. ಶೇಕಡ 56ರಷ್ಟು ಹೆಚ್ಚು ಉಕ್ಕು. ಕಂಬಿಯೇ ನಿಮ್ಮ ಮುಖ್ಯ ಆಟವಾದರೆ ಮಿಕ್ಕ ಯಾವ ವಿವರಕ್ಕಿಂತ ಮೊದಲು ಕೇಳಬೇಕಾದ ಸಂಖ್ಯೆ ಇದು.

ತಳದ ಪಾಲಿಥಿಲೀನ್‌ನಲ್ಲೂ ಎರಡು ಜಾತಿ. ಪುಡಿಯನ್ನು ಒತ್ತಿ ಬೆಸೆದ ಸಿಂಟರ್ಡ್ ತಳ ಮೇಣವನ್ನು ಹೀರಿ ಹಿಮದ ಮೇಲೆ ಚೆನ್ನಾಗಿ ಓಡುತ್ತದೆ, ಗಟ್ಟಿಯೂ ಹೌದು. ಕರಗಿಸಿ ಹಾಳೆ ಎಳೆದ ಎಕ್ಸ್‌ಟ್ರೂಡೆಡ್ ತಳ ಅಗ್ಗ, ರಿಪೇರಿಗೆ ಸುಲಭ. ಜಂಪ್‌ಗೆ ಬೇಕಾದ ವೇಗ ಸಿಗದೆ ಮಧ್ಯದ ಚಪ್ಪಟೆ ಜಾಗಕ್ಕೆ ಬೀಳುವವರನ್ನು ನೋಡಿದರೆ ನಾನು ಸಿಂಟರ್ಡ್ ತಳದ ಪರ.

ಜಂಪ್‌ನಲ್ಲಿ ಮೊದಲು ಬರುವುದು ಸುತ್ತು. ಏರಿನ ತುದಿಯಿಂದ ಕಾಲು ಬಿಟ್ಟ ಕ್ಷಣದ ನಂತರ ಹೊರಗಿನಿಂದ ದೇಹವನ್ನು ತಿರುಗಿಸುವ ಬಲ ಹೆಚ್ಚುಕಡಿಮೆ ಇಲ್ಲ. ಆ ಕ್ಷಣ ಎಷ್ಟು ಕೋನೀಯ ಸಂವೇಗ ಇತ್ತೋ ನೆಲ ಮುಟ್ಟುವವರೆಗೆ ಅಷ್ಟೇ. ಅದೇ ಸಂವೇಗದಲ್ಲಿ ಬೇಗ ಸುತ್ತಬೇಕಾದರೆ ಸುತ್ತುವಿಕೆಯನ್ನು ತಡೆಯುವ ಜಡತ್ವ ಕಡಿಮೆಯಿರಬೇಕು. ಇದು ಬರೀ ತೂಕದ ಮಾತಲ್ಲ. ಪ್ರತಿ ತುಣುಕಿನ ತೂಕವನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿದ ಮೊತ್ತ ಅದು. 180 ಸೆಂಟಿಮೀಟರ್ ಉದ್ದದ, 1.8 ಕಿಲೊ ತೂಕದ ಸ್ಕೀಯನ್ನು ಸಮನಾದ ಪಟ್ಟಿ ಎಂದುಕೊಂಡು ಲೆಕ್ಕ ಹಾಕಿದರೆ ಒಂದಕ್ಕೆ ಸುಮಾರು 0.49, ಎರಡಕ್ಕೂ ಸೇರಿ ಸುಮಾರು 1 ಕಿಲೊಗ್ರಾಂ-ಚದರ ಮೀಟರ್ ಬರುತ್ತದೆ. ತುದಿಗಳು ತೆಳುವಾದ್ದರಿಂದ ನಿಜವಾದ ಸಂಖ್ಯೆ ಕೊಂಚ ಕಡಿಮೆ. ಕೈಗಳನ್ನು ಮೈಗೆ ಒತ್ತಿ ನೆಟ್ಟಗೆ ನಿಂತ ವಯಸ್ಕ ಮನುಷ್ಯನ ಜಡತ್ವವೂ, ತಲೆಯಿಂದ ಪಾದಕ್ಕೆ ಹಾಯುವ ಅಕ್ಷದ ಸುತ್ತ, ಸುಮಾರು ಇಷ್ಟೇ! ನಾಲ್ಕು ಕಿಲೊ ತೂಗದ ಎರಡು ಪಟ್ಟಿಗಳು ಎಪ್ಪತ್ತು ಕಿಲೊದ ದೇಹಕ್ಕೆ ಸಮನಾಗಿ ಸುತ್ತನ್ನು ತಡೆಯುತ್ತವೆ. ಸ್ಕೀ ಆಯ್ಕೆ ಇಷ್ಟು ಮುಖ್ಯವಾಗುವುದು ಇದರಿಂದ.

ಇದೇ ಸೂತ್ರದಿಂದ ಇನ್ನೂ ಎರಡು ಮಾತು ಹೊರಡುತ್ತವೆ. ಒಂದೇ ಬಗೆಯ ಸ್ಕೀಯಲ್ಲಿ ಉದ್ದ ಕಡಿಮೆಯಾದರೆ ತೂಕವೂ ಕಡಿಮೆಯಾಗುತ್ತದೆ, ಹಾಗಾಗಿ ಜಡತ್ವ ಉದ್ದದ ಘನಕ್ಕೆ ಅನುಗುಣವಾಗಿ ಇಳಿಯುತ್ತದೆ. 180ರಿಂದ 170ಕ್ಕೆ ಬಂದರೆ ಉದ್ದ ಇಳಿದದ್ದು ಶೇಕಡ 6ರಷ್ಟಾದರೂ ಜಡತ್ವ ಇಳಿದದ್ದು ಶೇಕಡ 16ರಷ್ಟು. ಎರಡನೆಯದು ತುದಿಯ ತೂಕ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಮುಂದಿನ ಮತ್ತು ಹಿಂದಿನ ತುಂಡುಗಳು ಬೂಟಿನ ನಡುವಿನಿಂದ 17 ಸೆಂಟಿಮೀಟರ್ ದೂರದಲ್ಲಿವೆ, ಮೂತಿ 85 ಸೆಂಟಿಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ದೂರ ಐದು ಪಟ್ಟು, ಅದರ ವರ್ಗ ಇಪ್ಪತ್ತೈದು. ಮೂತಿಯ 40 ಗ್ರಾಂ ಬೈಂಡಿಂಗ್‌ನ ಒಂದು ಕಿಲೊಗೆ ಸಮ. ಸುತ್ತು ಹಗುರವಾಗಲಿ ಎಂದು ಗಟ್ಟಿ ಬೈಂಡಿಂಗ್ ಬಿಟ್ಟು ಸಪೂರ ಬೈಂಡಿಂಗ್ ಹಾಕಿಸುವುದು ಈ ಲೆಕ್ಕದಲ್ಲಿ ವ್ಯರ್ಥ ತ್ಯಾಗ. ತೂಕ ಉಳಿಸಬೇಕಾದದ್ದು ಮೂತಿ ಬಾಲಗಳಲ್ಲಿ. ತಯಾರಕರು ತುದಿಯಲ್ಲಿ ಮರವನ್ನು ತೆಳುಗೊಳಿಸುವುದಕ್ಕೆ ಕಾರಣ ಇದೇ.

ಬೈಂಡಿಂಗ್ ಎಲ್ಲಿ ಕೂರಿಸಬೇಕು ಎಂಬ ಚರ್ಚೆ ಪಾರ್ಕ್ ಹುಡುಗರಲ್ಲಿ ಮುಗಿಯುವುದೇ ಇಲ್ಲ. ಸಾಮಾನ್ಯ ಸ್ಕೀಯಲ್ಲಿ ಬೂಟು ನಡುವಿಗಿಂತ ಎಂಟು ಹತ್ತು ಸೆಂಟಿಮೀಟರ್ ಹಿಂದೆ ಇರಬಹುದು. ಪಾರ್ಕ್ ಸ್ಕೀಯಲ್ಲಿ ಸರಿ ನಡುವೆ, ಅಥವಾ ಒಂದರಿಂದ ಮೂರು ಸೆಂಟಿಮೀಟರ್ ಹಿಂದೆ. ನಡುವೆ ಕೂರಿಸಿದರೆ ಬೇಗ ಸುತ್ತಬಹುದು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಅದನ್ನು ಒಪ್ಪುವುದಿಲ್ಲ. 1.8 ಕಿಲೊದ ಸ್ಕೀಯನ್ನು ಎಂಟು ಸೆಂಟಿಮೀಟರ್ ಸರಿಸಿದರೆ ಅದರ ಜಡತ್ವಕ್ಕೆ ಕೂಡಿಕೊಳ್ಳುವುದು 0.012ರಷ್ಟು, ಅಂದರೆ ಶೇಕಡ ಎರಡೂವರೆಯ ಆಸುಪಾಸು. ಉದ್ದವನ್ನು ಎರಡು ಸೆಂಟಿಮೀಟರ್ ಕಡಿಮೆ ಮಾಡಿದರೆ ಅದಕ್ಕಿಂತ ಹೆಚ್ಚು ಸಿಗುತ್ತದೆ. ನಡುವಿನ ಜಾಗದ ನಿಜವಾದ ಲಾಭ ಬೇರೆ. ಹಿಮ್ಮುಖವಾಗಿ ಇಳಿದಾಗ ಬಾಲವೇ ಮೂತಿಯ ಕೆಲಸ ಮಾಡಬೇಕು, ಅದಕ್ಕೆ ಸಾಕಷ್ಟು ಉದ್ದ ಬೇಕು. ಕಂಬಿಯ ಮೇಲೆ ಎರಡು ಬದಿಗೂ ಸಮ ಭಾರ ತೂಗಬೇಕು. ಈ ಎರಡಕ್ಕಾಗಿ ನಡುವೆ ಕೂರಿಸಿ. ಇಡೀ ಬೆಟ್ಟ ತಿರುಗಾಡುವ ಆಸೆಯೂ ಇದ್ದರೆ ಎರಡು ಮೂರು ಸೆಂಟಿಮೀಟರ್ ಹಿಂದಕ್ಕೆ ಬನ್ನಿ, ಮೆತ್ತನೆಯ ಹಿಮದಲ್ಲಿ ಮೂತಿ ಹೂತುಕೊಳ್ಳುವುದು ತಪ್ಪುತ್ತದೆ. ಸುತ್ತುವುದರಲ್ಲಿ ನಷ್ಟವೇನೂ ಇಲ್ಲ.

ಸೊಂಟದ ಅಗಲ, ಬದಿಯ ಬಳುಕು, ಕ್ಯಾಂಬರ್ ಇವು ಬೇಗ ಮುಗಿಯುವ ಮಾತು. ಪಾರ್ಕ್ ಸ್ಕೀಯ ಸೊಂಟ ಸಾಮಾನ್ಯವಾಗಿ 80ರಿಂದ 95 ಮಿಲಿಮೀಟರ್. ಅಗಲ ಹೆಚ್ಚಿದಷ್ಟೂ ಇಳಿಯುವಾಗ ಸ್ಥಿರತೆ ಹೆಚ್ಚು, ಅಂಚಿನಿಂದ ಅಂಚಿಗೆ ಹೊರಳುವುದು ನಿಧಾನ. ಮೂತಿ 115, ಸೊಂಟ 85, ಬಾಲ 110 ಮಿಲಿಮೀಟರ್ ಇದ್ದು, ಹಿಮಕ್ಕೆ ತಾಗುವ ಉದ್ದ 150 ಸೆಂಟಿಮೀಟರ್ ಆದರೆ ಬದಿಯ ಕಮಾನಿನ ತ್ರಿಜ್ಯ ಸುಮಾರು 20 ಮೀಟರ್. ಇದಕ್ಕಿಂತ ತೀರ ಬಳುಕಿದ್ದರೆ ನೇರವಾಗಿ ಜಂಪ್‌ಗೆ ಓಡುವಾಗ ಸ್ಕೀ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಕ್ಯಾಂಬರ್ ಅಂದರೆ ನಡುಭಾಗ ನೆಲದಿಂದ ಎದ್ದಿರುವುದು. ನಿಂತಾಗ ಅದು ಚಪ್ಪಟೆಯಾಗಿ ಭಾರವನ್ನು ತುದಿಗಳವರೆಗೂ ಹಂಚುತ್ತದೆ, ಜಂಪ್‌ನ ಏರಿನಲ್ಲಿ ಅಂಚಿಗೆ ಹಿಡಿತ ಕೊಡುತ್ತದೆ. ರಾಕರ್ ಅಂದರೆ ತುದಿಗಳು ಬೇಗನೆ ಮೇಲಕ್ಕೆ ಬಾಗಿರುವುದು. ಅದು ಎಲ್ಲೂ ಸಿಕ್ಕಿಕೊಳ್ಳದೆ ಹೊರಳಲು ಅನುಕೂಲ. ಪಾದದ ಕೆಳಗೆ ಕ್ಯಾಂಬರ್, ತುದಿಗಳಲ್ಲಿ ತುಸು ರಾಕರ್ ಇರುವ ಸ್ಕೀ ಹೆಚ್ಚಿನವರಿಗೆ ಹೊಂದುತ್ತದೆ.

ಇಳಿಯುವ ಕ್ಷಣದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು, ಅಲ್ಲಿ ಮೂಳೆಗಳ ಪ್ರಶ್ನೆ ಇದೆ. ಹೊಡೆತ ನಿರ್ಧಾರವಾಗುವುದು ಹಾರಿದ ಎತ್ತರದಿಂದ ಎಂದು ನೋಡುವವರಿಗೆ ಅನಿಸುತ್ತದೆ. ಅದನ್ನು ನಿರ್ಧರಿಸುವುದು ಇಳಿಜಾರಿಗೆ ಲಂಬವಾಗಿರುವ ವೇಗದ ಭಾಗ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ, ಸಮತಲಕ್ಕಿಂತ 40 ಡಿಗ್ರಿ ಕೆಳಮುಖವಾಗಿ ಬರುತ್ತಿರುವವನು 30 ಡಿಗ್ರಿಯ ಇಳಿಜಾರಿನ ಮೇಲೆ ಇಳಿದರೆ ಕೋನದ ವ್ಯತ್ಯಾಸ 10 ಡಿಗ್ರಿ ಮಾತ್ರ. ಲಂಬ ವೇಗ ಸೆಕೆಂಡಿಗೆ 2.6 ಮೀಟರ್. ಇದು 35 ಸೆಂಟಿಮೀಟರ್ ಎತ್ತರದಿಂದ ಧುಮುಕಿದ್ದಕ್ಕೆ ಸಮ. ಅದೇ ವ್ಯಕ್ತಿ ಅದೇ ವೇಗದಲ್ಲಿ ಇಳಿಜಾರು ಮುಗಿದ ಮೇಲಿನ ಚಪ್ಪಟೆ ನೆಲಕ್ಕೆ ಬಿದ್ದರೆ 40 ಡಿಗ್ರಿಯೂ ಲೆಕ್ಕಕ್ಕೆ ಬರುತ್ತದೆ, ಸಮಾನ ಎತ್ತರ 4.7 ಮೀಟರ್ ಆಗುತ್ತದೆ. ಮನೆಯ ಒಂದೂವರೆ ಅಂತಸ್ತಿನಿಂದ ಜಿಗಿದ ಹಾಗೆ. ಮೊಣಕಾಲು ಮಡಚಿ ಅರ್ಧ ಮೀಟರಿನಲ್ಲಿ ಆ ವೇಗವನ್ನು ನುಂಗಿದರೆ ಮೊದಲನೆಯದರಲ್ಲಿ ಕಾಲಿನ ಮೇಲಿನ ಸರಾಸರಿ ಬಲ ದೇಹದ ತೂಕದ ಎರಡು ಪಟ್ಟಿಗೂ ಕಡಿಮೆ, ಎರಡನೆಯದರಲ್ಲಿ ಹತ್ತು ಪಟ್ಟು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಮಾಂಟ್ ಹಬ್ಬರ್ಡ್, ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಜೇಮ್ಸ್ ಮೆಕ್‌ನೀಲ್ ಈ ಸಮಾನ ಪತನದ ಎತ್ತರವನ್ನೇ ಅಳತೆಗೋಲಾಗಿ ಇಟ್ಟುಕೊಂಡು, ಎಲ್ಲಿ ಇಳಿದರೂ ಹೊಡೆತ ಒಂದು ಮಿತಿ ದಾಟದಂತೆ ಇಳಿಜಾರಿನ ಆಕಾರ ರಚಿಸಬಹುದು ಎಂದು ತೋರಿಸಿದ್ದಾರೆ. ಇಷ್ಟು ಸ್ಪಷ್ಟ ಗಣಿತ ಕೈಯಲ್ಲಿದ್ದ ಮೇಲೆ ಕಣ್ಣಳತೆಯಿಂದ ಜಂಪ್ ಕಟ್ಟುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಕೀ ಇಲ್ಲಿ ಮಾಡುವುದು ಸ್ವಲ್ಪ, ಆದರೆ ಆ ಸ್ವಲ್ಪಕ್ಕೆ ಬೆಲೆ ಇದೆ. ಭಾರ ಹಿಂದಕ್ಕೆ ವಾಲಿ ಇಳಿದಾಗ ಬಾಲ ಗಟ್ಟಿಯಿದ್ದರೆ ಅದು ಎದುರು ಒತ್ತಿ ದೇಹವನ್ನು ಮತ್ತೆ ನೆಟ್ಟಗೆ ತರುತ್ತದೆ. ಮೆತ್ತನೆಯ ಬಾಲ ಮಡಚಿಕೊಂಡು ಮನುಷ್ಯನನ್ನು ಕೂರಿಸಿಬಿಡುತ್ತದೆ. ಉದ್ದದ ಸ್ಕೀಯಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಹಿಂದೆ ಮುಂದೆ ಹೆಚ್ಚು ಜಾಗ. ಕಂಬಿಗೆಂದು ತೀರ ಮೆತ್ತನೆಯ, ಗಿಡ್ಡ ಸ್ಕೀ ಕೊಂಡವರು ದೊಡ್ಡ ಜಂಪ್‌ಗೆ ಹೋಗಬಾರದು ಎನ್ನುವುದು ಇದಕ್ಕೇ.

ಇನ್ನು ಬೈಂಡಿಂಗ್‌ನ ಬಿಗಿ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಆಟದ ಬಗೆ ಇವನ್ನು ಪಟ್ಟಿಗೆ ಹೊಂದಿಸಿ, ಎಷ್ಟು ಬಲಕ್ಕೆ ಬೈಂಡಿಂಗ್ ಕಳಚಬೇಕು ಎಂಬುದನ್ನು ಹೇಳುವ ಡಿನ್ ಸಂಖ್ಯೆಯನ್ನು ಗೊತ್ತುಮಾಡುತ್ತಾರೆ. ಇಳಿದ ಹೊಡೆತಕ್ಕೆ ಸ್ಕೀ ಕಳಚದಿರಲಿ ಎಂದು ಪಾರ್ಕ್‌ನಲ್ಲಿ ಅನೇಕರು ಈ ಸಂಖ್ಯೆಯನ್ನು ತಾವೇ ಸ್ಕ್ರೂಡ್ರೈವರ್ ಹಿಡಿದು ಏರಿಸುತ್ತಾರೆ. ಇದು ಅಪಾಯ. ಬಿದ್ದಾಗ ಕಳಚದ ಸ್ಕೀ ಮೊಣಕಾಲ ಕೆಳಗಿನ ಮೂಳೆಯನ್ನು ತಿರುಚುವ ಉದ್ದನೆಯ ಸನ್ನೆಗೋಲಾಗುತ್ತದೆ. ಬೇಕಾದದ್ದು ಹೊಡೆತದ ಕ್ಷಣದಲ್ಲಿ ತುಸು ಸರಿದು, ಕಳಚಿಕೊಳ್ಳದೆ ಮತ್ತೆ ಸ್ವಸ್ಥಾನಕ್ಕೆ ಬರುವ ಬೈಂಡಿಂಗ್. ಸರಿಯುವ ಈ ದೂರ ಹೆಚ್ಚಿರುವ ಬೈಂಡಿಂಗ್ ಕೊಂಡರೆ ಬಿಗಿ ಏರಿಸುವ ಅಗತ್ಯ ಕಡಿಮೆಯಾಗುತ್ತದೆ. ಅಂಥ ಬೈಂಡಿಂಗ್ ಕೂಡ ಮೂಳೆಯನ್ನು ಕಾಯುವುದು ಹೆಚ್ಚು, ಮೊಣಕಾಲಿನ ಒಳಗಿನ ಅಸ್ಥಿರಜ್ಜುವನ್ನು ಕಾಯುವುದು ಕಡಿಮೆ ಎಂಬುದು ನೆನಪಿರಲಿ.

ಡೆನ್ವರ್, ಸಿಯಾಟಲ್, ಟೊರೊಂಟೊ ಕಡೆ ನೆಲೆಸಿದ ಕನ್ನಡದ ಮನೆಗಳಲ್ಲಿ ಮಕ್ಕಳು ಚಳಿಗಾಲ ಬಂತೆಂದರೆ ಪಾರ್ಕ್ ಸ್ಕೀ ಕೇಳುತ್ತಾರೆ. ಆ ತಂದೆತಾಯಿಗೆ ನನ್ನ ಮಾತು ಇಷ್ಟು. ಮೊದಲ ಜೊತೆ ಮಗುವಿನ ಗಲ್ಲಕ್ಕೂ ಹಣೆಗೂ ನಡುವಿನ ಎತ್ತರದ್ದಿರಲಿ. ಬೆಳೆಯುತ್ತಾನೆ ಎಂದು ಉದ್ದದ್ದು ತಂದರೆ ಅವನು ತಿರುಗಿಸಬೇಕಾದ ಜಡತ್ವ ಉದ್ದದ ಘನದಷ್ಟು ಏರುತ್ತದೆ. ಬಿಗುವು ಮಧ್ಯಮ, ಅಂಚು ದಪ್ಪ, ಬೈಂಡಿಂಗ್ ನಡುವಿನಿಂದ ಎರಡು ಸೆಂಟಿಮೀಟರ್ ಹಿಂದೆ. ಬೂಟಿನ ಕೆಳಗಿನ ಅಂಚನ್ನು ಮಾತ್ರ ಮೊಂಡು ಮಾಡಿಸಿ, ಮೂತಿ ಬಾಲಗಳ ಕಡೆಯದು ಹರಿತವಾಗಿಯೇ ಇರಲಿ. ಹಳೆಯ ಸ್ಕೀ ಕೊಳ್ಳುವುದಾದರೆ ಆ ಅಂಚಿನ ಸೀಳುಗಳನ್ನು ಎಣಿಸದೆ ದುಡ್ಡು ಕೊಡಬೇಡಿ. ಪ್ರತಿ ಚಳಿಗಾಲದ ಆರಂಭದಲ್ಲಿ ತರಬೇತಿ ಪಡೆದ ತಂತ್ರಜ್ಞರಿಂದ ಬೈಂಡಿಂಗ್ ಪರೀಕ್ಷೆ ಮಾಡಿಸಿ, ಮಗುವಿನ ತೂಕವನ್ನು ಅವರಿಗೆ ಸರಿಯಾಗಿ ಹೇಳಿ.